ಹುಣಸಿ ಕೊರಡು

ಆಟೋದಾಗ ತಂದಿದ್ಳು, ಗೋಣಿಚೀಲ ಸುತ್ತಿ.
ಮೂರು ಮಂದಿ ಹುಡುಗರು, ನಾ ಒಬ್ಬ, ಹಿಡಿದು ಇಳಿಸಿದಿವಿ.
ಶಹಾಬಾದಿ ಪರಸಿ ಮ್ಯಾಲ ಇಟ್ಟಕೂಡ್ಲೆ
ಖೋಲಿ ತುಂಬ ವಾಸನಿ ಎದ್ದಿತು.
“ಕಾಕಾ, ನಿಮಗ ನಡೀತದೋ ಇಲ್ಲೋ?” ತಸ್ಕೀನ್ ಕೇಳಿದ್ಳು,
ನನ್ನ ಹಣಿ ಮ್ಯಾಲಿನ ಈಬತ್ತಿ ನೋಡಿ.
“ಇಪ್ಪತ್ತೆರಡು ವರ್ಷ ಈ ಕಾಲೇಜಿನ ಪ್ರೆಸ್ಸಿನ ಗಾಲಿ ತಿರುವೀನಿ,
ಕಟಗಿ ಅಂದ್ರ ಕಟಗಿ” ಅಂದೆ.
ಅಂದು, ಹೊರಗ ಹೋಗಿ ನಳಕ್ಕ ಕೈ ಒಡ್ಡಿದೆ.
ಸಾಬಾಣ ಎರಡು ಸಲ.

ಆಕಿ ಕಂಡೂ ಕಾಣದಂಗ ಇದ್ಳು. ಆಮ್ಯಾಲ ಮೆಲ್ಲಕ:
“ಕ್ಯಾನ್ವಾಸಿಗೆ ನೀವು ಕುದಿಸಿ ಹಚ್ಚತೀರಲ್ಲ ಸರೇಸು,
ಅದು ಯಾತರದು ಕಾಕಾ?”
ಡಬ್ಬಿ ಮ್ಯಾಲ ಅಂಗಡಿ ಹೆಸರಿತ್ತು, ಗಂಜಿನ ವಿಳಾಸ ಇತ್ತು.
ತೊಗಲಿನ ಮಾತು ಇರಲಿಲ್ಲ.
ಸಾಬಾಣದ ಮಾತು ಆಕಿ ಎತ್ತಲಿಲ್ಲ.
ನಾನೇ ಎತ್ತಿದೆ, ಮನಸಿನಾಗ.

ಆಕಿ ಪ್ರಾಜೆಕ್ಟಿನ ವಿಷಯ ‘ದೊಡ್ಡದು’.
ಅವರ ಓಣ್ಯಾಗ ಹಂಗೇ ಅಂತಾರ, ಹೆಸರು ಹೇಳೂದಿಲ್ಲ.
ನಮ್ಮ ಓಣ್ಯಾಗೂ ಹೇಳೂದಿಲ್ಲ.
ಪ್ರಿನ್ಸಿಪಾಲರು ಕರೆದು, ಬಾಗಲಾ ಮುಚ್ಚಿ,
“ಚಿತ್ರ ಮಾಡವ್ವ, ಶೀರ್ಷಿಕೆ ಬ್ಯಾಡ” ಅಂದ್ರು.

ಕೊರಡಿನ ನಡುವ ತಗ್ಗು ಬಿದ್ದಿತ್ತು, ಪರಾತದಂಗ.
ಪ್ರೆಸ್ಸಿಗೆ ಒಗ್ಗೂದಿಲ್ಲ ಅದು.
ಎಂಟು ದಿನ ಮಾಳಿಗಿ ಬಿಸಲಿಗಿ ಒಣಗಿಸಿದ್ಳು,
ಬೆಕ್ಕು ಕಾದೂ ಕಾದೂ ಬ್ಯಾಸತ್ತು ಹೋದವು.
ರೋಲರಿನಿಂದ ಕರಿ ಮಸಿ ಬಳಿದು
ಹಸಿ ಕಾಗದ ಹಾಸಿ
ಕಟಗಿ ಚಮಚದ ಬೆನ್ನಿಲೆ ತಿಕ್ಕಿದಿವಿ, ಮುಂಜಾನಿಂದ ಸಂಜಿತನಕ,
ಆಕಿ ಒಂದು ಕಡಿಂದ, ನಾ ಒಂದು ಕಡಿಂದ.

ಕಟಗಿ ಅಚ್ಚಿನ ಕಾಯ್ದೆ ಹಿಂಗದ:
ಕಡಿದದ್ದು ಬೆಳ್ಳಗ ಬರ್ತದ. ಉಳಿದದ್ದು ಕರ್ರಗ.
ಕಾಗದ ಎತ್ತಿದಾಗ ನಡುವ ಹಾಲಿನಂಥ ಬಿಳುಪು,
ಅಂಚಿಗೆ ಬಂದಂಗ ಗೀರು, ಗೀರು, ಗೀರು.
ಒಬ್ಬ ಹುಡುಗ ಚಂದ್ರ ಅಂದ.
ಇನ್ನೊಬ್ಬ, ಮ್ಯಾಲಿಂದ ಕಂಡ ತೊಗರಿ ಹೊಲ ಅಂದ.
ಪರೀಕ್ಷಾಕ್ಕ ಧಾರವಾಡದಿಂದ ಬಂದ ಸರ್ ಚಸ್ಮಾ ಏರಿಸಿ
“ಇದರಾಗ ದನ ಎಲ್ಲೈತಿ?” ಅಂದ್ರು.
ತಸ್ಕೀನ್ ಕೆಳಗಿನ ಚೀಟಿ ತೋರಿಸಿದ್ಳು. ಪೆನ್ಸಿಲಿನಾಗ ಬರದಿದ್ಳು:
ಮಾಧ್ಯಮ: ಹುಣಸೆ, ಮಸಿ, ಎರಡು ತಲೆಮಾರು.

ಅವರಪ್ಪ ಖುದ್ದೂಸ್ ಭಾಯಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ರು,
ಚಪ್ಪಲಿ ಹೊರಗ ಬಿಟ್ಟು. ಗ್ಯಾಲರಿಗೆ ಯಾರೂ ಬಿಡೂದಿಲ್ಲ.
ಬಹಳ ಹೊತ್ತು ನಿಂತ್ರು.
ಆಮ್ಯಾಲ, ಕಾಗದಕ್ಕ ಬೆರಳು ತಾಕದಂಗ, ಓದಿದ್ರು:
“ಇವು ನಮ್ಮ ಅಬ್ಬಾನ್ವು. ಹೆಗಲಿಂದ ಹೊಡೀತಿದ್ರು, ಆಳ ಅವ.
ಇವು ನನ್ವು.
ಇಲ್ಲಿ ವಾಲ್ಯಾವ ನೋಡ್ರಿ, ಮುಂಗೈ ಮುರದಾಗ ಎಡಗೈಲೆ ಹೊಡದದ್ದು.
ಈ ಸಣ್ಣವು...” ಅಂದು ನಕ್ರು,
“ಅಂಗಡಿ ಮುಚ್ಚಿದ ಮ್ಯಾಲ ಈಕಿ ಅಮ್ಮಿ ಕೊತ್ತಂಬರಿ ಹೆಚ್ಚಿದ್ದು.”

ರಾತ್ರಿ ಕೀಲಿ ಹಾಕೂ ಮುಂದ
ಮೊಬೈಲಿನ ಬೆಳಕು ಹಿಡಿದು ನಾ ಒಬ್ಬನೇ ನೋಡಿದೆ.
ನಮ್ಮ ಕಂದ್ಯಾಗ ಹದಿನಾಲ್ಕು ವರ್ಷ ಆಗಿತ್ತು, ನನಗೂ ಅಷ್ಟೇ.
ಅಪ್ಪ ಅದರ ಹಣಿಗಿ ಭಂಡಾರ ಹಚ್ಚಿ, ಕಾಲು ಮುಟ್ಟಿ ನಮಸ್ಕಾರ ಮಾಡಿ
ಸಂತಿಗಿ ಹೊಡಕೊಂಡು ಹೋದ, ನಾ ಹಿಂದ.
ರೊಕ್ಕ ಎರಡು ಸಲ ಎಣಿಸಿದ. ಕೊಂಡವನ ಊರು ಕೇಳಲಿಲ್ಲ.
“ಹಗ್ಗ ಬಿಚ್ಚಿಕೋ” ಅಂದ ನನಗ.
ಎತ್ತು ಮಾರಿದ್ವಿ, ಹಗ್ಗ ನಮ್ದು.

ಯಾವ ಗೀರು ಅದರದು?
ಹುಡುಕಿದೆ. ಸಿಕ್ಕಿದ್ದು
ನನ್ನ ಚಮಚ ಜಾರಿದ ಕಲಿ ಒಂದು.

ಮನ್ಯಾಗ ರೊಟ್ಟಿ ಮುರಿಯೂ ಮುಂದ
ಹೆಂಡತಿ ನನ್ನ ಉಗುರು ನೋಡಿ “ಇನ್ನೂ ಹೋಗಿಲ್ಲೇನು?” ಅಂದ್ಳು.
“ಮಸಿ” ಅಂದೆ.
ಹಗ್ಗ ಇನ್ನೂ ಅದ, ಅಟ್ಟದ ಮ್ಯಾಲ.
ಕಂದ್ಯಾನ ನಂತರ
ಮೂರು ಎತ್ತಿನ ಕೊಳ್ಳಿಗಿ ಆಗಿ ಬಂದದ.